ಬೇಸಿಗೆಯ ಬಿಡುವಿಗೆ ಕೌದಿ ಹೊಲಿಗೆ

ಹಿಂಗಾರಿ ಜೋಳ, ಕಡಲೆ, ಕುಸುಬೆಯ ಒಕ್ಕಣೆ ಮುಗಿದು ಕಾಳು ಮನೆ ಸೇರಿದ ಮೇಲೆ, ಮುಂಗಾರಿನ ಮೊದಲ ಮಳೆ ಬೀಳುವವರೆಗೆ ನಮ್ಮ ಉತ್ತರ ಕರ್ನಾಟಕದ ಕಪ್ಪು ಭೂಮಿಯ ಹಳ್ಳಿಗಳಲ್ಲಿ ಒಂದಿಷ್ಟು ಬಿಡುವು ಇರುತ್ತದೆ. ಗಂಡಸರು ಹೊಲಕ್ಕೆ ಗೊಬ್ಬರ ಹೇರುವ, ಒಡ್ಡು ಸರಿಪಡಿಸುವ ಕೆಲಸದಲ್ಲಿದ್ದರೆ, ಪಡಸಾಲೆಯಲ್ಲಿ ಅಥವಾ ಬೇವಿನ ಮರದ ನೆರಳಿನಲ್ಲಿ ಹೆಣ್ಣುಮಕ್ಕಳು ಹಳೆಯ ಸೀರೆ ಧೋತರಗಳನ್ನು ಹಾಸಿಕೊಂಡು ಕೌದಿ ಹೊಲಿಯಲು ಕೂಡುತ್ತಾರೆ. ಬೇಸಾಯ ಶಾಸ್ತ್ರ ಕಲಿಸುವವನಿಗೆ ಸೂಜಿ ದಾರದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಅರಳೆಯ ಕಥೆ ಹತ್ತಿ ಬಿಡಿಸಿದಲ್ಲಿಗೆ ಮುಗಿಯುವುದಿಲ್ಲ. ಅದು ನೂಲಾಗಿ, ಸೀರೆಯಾಗಿ, ಹರಿದು ಕೊನೆಗೆ ಕೌದಿಯಾಗಿ ಇನ್ನೂ ಹಲವು ವರ್ಷ ದುಡಿಯುತ್ತದೆ. ಆದರೆ ಈ ಹೊಲಿಗೆ ಬಲ್ಲವರಲ್ಲಿ ಹೆಚ್ಚಿನವರು ಈಗ ವಯಸ್ಸಾದವರು. ಅವರ ಜೊತೆ ಕುಳಿತು ಕಲಿಯುವ ಹುಡುಗಿಯರು ಕಡಿಮೆಯಾಗಿದ್ದಾರೆ. ಪೇಟೆಯ ಮೆತ್ತನೆಯ ಬ್ಲಾಂಕೆಟ್ಟು ಅಗ್ಗಕ್ಕೆ ಸಿಗುವುದು ಇದಕ್ಕೆ ಒಂದು ಕಾರಣ. ಮನೆಯಲ್ಲಿ ಸಿಗುವ ಹಳೆಯ ಬಟ್ಟೆಯೇ ಬದಲಾಗಿರುವುದು ಇನ್ನೊಂದು.

ಬಟ್ಟೆಯ ಆಯ್ಕೆ

ಹಿಂದೆ ಹಳೆ ಸೀರೆ ಎಂದರೆ ಹತ್ತಿಯ ಸೀರೆಯೇ ಆಗಿತ್ತು. ಕಳೆದ ನಾಲ್ಕೈದು ದಶಕಗಳಲ್ಲಿ ಪಾಲಿಯೆಸ್ಟರ್ ಸೀರೆಗಳು ಮನೆಮನೆಯನ್ನೂ ಹೊಕ್ಕಿವೆ. ಇವು ಬೇಗ ಹರಿಯುವುದಿಲ್ಲ, ಬಣ್ಣ ಬಿಡುವುದಿಲ್ಲ, ನಿಜ. ಆದರೆ ಕೌದಿಗೆ ಒಗ್ಗುವುದಿಲ್ಲ. ಸಾಧಾರಣ ಹವೆಯಲ್ಲಿ ಹತ್ತಿಯ ನೂಲು ತನ್ನ ಒಣ ತೂಕದ ಶೇಕಡ 8ರಷ್ಟು ತೇವವನ್ನು ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದಲೇ ಅಂಥ ಹಾಸಿಗೆಯ ಮೇಲೆ ಮಲಗಿದರೆ ಬೆವರು ಮೈಗೇ ಅಂಟಿಕೊಳ್ಳುತ್ತದೆ. ಮೇಲಾಗಿ ಅದು ನುಣುಪು. ಪದರಗಳು ಒಂದರ ಮೇಲೊಂದು ಜಾರಿ, ಹೊಲಿಯುವಾಗಲೇ ಸುಕ್ಕು ಬೀಳುತ್ತದೆ.

ಬಟ್ಟೆ ಯಾವುದೆಂದು ತಿಳಿಯದಿದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿ ನೋಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದು ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾಗುತ್ತದೆ. ಒಲೆಯ ಪಕ್ಕದಲ್ಲಿ ಮಲಗುವ ಮಕ್ಕಳಿಗೆ ಇಂಥ ಕರಗುವ ಬಟ್ಟೆ ಏಕೆ ಸಲ್ಲದೆಂಬುದು ಈ ಪರೀಕ್ಷೆಯಿಂದಲೇ ಗೊತ್ತಾಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹತ್ತಿ, ಮೆಣಸಿನಕಾಯಿ, ತೊಗರಿಗೆ ಕೀಟನಾಶಕ ಸಿಂಪಡಿಸುವಾಗ ತೊಟ್ಟ ಅಂಗಿ, ತಲೆಗೆ ಸುತ್ತಿದ ಟವೆಲ್ಲು, ಬೀಜೋಪಚಾರ ಮಾಡಿದ ಬೀಜವಿದ್ದ ಚೀಲ, ಇವು ಯಾವ ಕಾರಣಕ್ಕೂ ಕೌದಿಯೊಳಗೆ ಹೋಗಬಾರದು. ಎಷ್ಟು ಸಲ ಒಗೆದರೂ ಔಷಧಿಯ ಅಂಶ ಪೂರ್ತಿ ಹೋಗುತ್ತದೆಂದು ಹೇಳಲಾಗದು. ಒಳಪದರದಲ್ಲಿ ಕಾಣದಂತೆ ಹುದುಗಿರುವ ಆ ಬಟ್ಟೆಯ ಮೇಲೆ ಕೂಸು ರಾತ್ರಿಯೆಲ್ಲ ಮಲಗುತ್ತದೆ. ಸಿಂಪರಣೆಯ ಬಟ್ಟೆಗಳನ್ನು ಮೊದಲಿನಿಂದಲೇ ಬೇರೆ ಗೂಟಕ್ಕೆ ಹಾಕುವ ರೂಢಿಯಿದ್ದರೆ ಇಂಥ ಬೆರಕೆ ಆಗುವುದಿಲ್ಲ. ಇದು ಹೊಲಿಯುವವರಿಗಿಂತ ಮನೆಯ ಗಂಡಸರು ನೆನಪಿಡಬೇಕಾದ ಮಾತು.

ಆರಿಸಿದ ಬಟ್ಟೆಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಒಗೆದು, ಒಳ್ಳೆಯ ಬಿಸಿಲಿಗೆ ಒಣಗಿಸಬೇಕು. ಹೊಸ ಬಟ್ಟೆಯ ತುಂಡುಗಳನ್ನು ಸೇರಿಸುವುದಿದ್ದರಂತೂ ಇದು ಅವಶ್ಯ. ಹಳೆಯದು ಕುಗ್ಗುವಷ್ಟು ಕುಗ್ಗಿಯಾಗಿರುತ್ತದೆ. ಹೊಸದು ಕೌದಿ ಸೇರಿದ ಮೇಲೆ ಕುಗ್ಗಿ ಸುತ್ತಲಿನ ಬಟ್ಟೆಯನ್ನು ಎಳೆಯುತ್ತದೆ.

ಹಾಸುವುದು, ಹೊಲಿಯುವುದು

ಒಬ್ಬ ದೊಡ್ಡವರಿಗೆ 150 ಸೆಂ.ಮೀ. ಅಗಲ, 210 ಸೆಂ.ಮೀ. ಉದ್ದದ ಕೌದಿ ಸಾಕು. ತಳಕ್ಕೆ ಗಟ್ಟಿಯಾದ ಸೀರೆಯನ್ನು ಹಾಸಿ ನಾಲ್ಕೂ ಮೂಲೆಗೆ ಕಲ್ಲು ಹೇರಬೇಕು. ನಡುವಿನ ಪದರಗಳಿಗೆ ಹಳೆಯ ಧೋತರ, ಹರಿದ ಪಂಚೆ, ಮಕ್ಕಳ ಅಂಗಿ ಏನಾದರೂ ಆದೀತು. ಗುಂಡಿ, ಕೊಕ್ಕೆ, ದಪ್ಪ ಮಡಿಕೆಗಳನ್ನು ಮಾತ್ರ ಕತ್ತರಿಸಿ ತೆಗೆಯಬೇಕು. ಮೇಲಿನ ಪದರದಲ್ಲಿ ಹೊಲಿಯುವವರ ಕಣ್ಣು ಕೆಲಸ ಮಾಡುತ್ತದೆ. ಯಾವ ಬಣ್ಣದ ಪಕ್ಕಕ್ಕೆ ಯಾವುದು, ಇಳಕಲ್ಲ ಸೀರೆಯ ದಡಿ ಎಲ್ಲಿ ಬರಬೇಕು, ಖಣದ ತುಂಡು ನಡುವಿಗೋ ಮೂಲೆಗೋ ಎಂಬ ಚರ್ಚೆಯಲ್ಲೇ ಅರ್ಧ ದಿನ ಕಳೆಯುವುದುಂಟು. ಅದನ್ನು ಕಾಲಹರಣ ಎನ್ನಬಾರದು.

ಎಲ್ಲ ಪದರಗಳನ್ನೂ ಗೇಣಿಗೊಂದರಂತೆ ಉದ್ದುದ್ದ ಟಾಕು ಹಾಕಿ ಮೊದಲು ಬಿಗಿಯಬೇಕು. ಆಮೇಲೆ ಎರಡೆಳೆ ಹತ್ತಿ ದಾರ, ಸ್ವಲ್ಪ ದಪ್ಪನೆಯ ಸೂಜಿ. ಚೀಲ ಹೊಲಿಯುವ ದಬ್ಬಣ ಬೇಡ, ಅದು ಹಳೆ ಬಟ್ಟೆಯಲ್ಲಿ ತೂತು ಬಿಡುತ್ತದೆ. ಹೊಲಿಗೆ ಎಂದರೆ ಸೂಜಿ ಕೆಳಗೆ ಇಳಿದು ಮೇಲೆ ಬರುವ ಸಾದಾ ಹೊಲಿಗೆ, ಅಷ್ಟೇ. ಸಾಲಿನಿಂದ ಸಾಲಿಗೆ ಅಂತರ ಮಾತ್ರ ಕೂರಿಗೆಯಲ್ಲಿ ಬಿತ್ತಿದ ಹಾಗೆ ಒಂದೇ ಸಮನಾಗಿರಬೇಕು. ಒಂದೂವರೆ ಸೆಂ.ಮೀ. ಒಳ್ಳೆಯ ಅಂತರ. ಹಳೆಯ ಬಟ್ಟೆಗೆ ತನ್ನದೇ ಬಲ ಇರುವುದಿಲ್ಲ. ಹೊದೆಯುವಾಗ ಎಳೆದಾಡುವ ಭಾರವನ್ನು ಈ ದಾರದ ಸಾಲುಗಳೇ ಹಂಚಿಕೊಂಡು ಹೊರುತ್ತವೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಚಳಿಯನ್ನು ತಡೆಯುತ್ತದೆ. ಆದ್ದರಿಂದ ದಾರವನ್ನು ಅತಿಯಾಗಿ ಬಿಗಿದರೆ ಕೌದಿ ರಟ್ಟಿನಂತಾಗಿ ಬೆಚ್ಚಗಿರುವುದಿಲ್ಲ. ತೀರ ಸಡಿಲ ಬಿಟ್ಟರೆ ಒಳಗಿನ ತುಂಡುಗಳು ಮುದ್ದೆಯಾಗುತ್ತವೆ.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. 150 ಸೆಂ.ಮೀ. ಅಗಲಕ್ಕೆ ಒಂದೂವರೆ ಸೆಂ.ಮೀ. ಅಂತರದಲ್ಲಿ 100 ಸಾಲು. ಒಂದು ಸಾಲು 2.1 ಮೀಟರು. ಒಟ್ಟು 210 ಮೀಟರು ಹೊಲಿಗೆ. ಸೂಜಿ ಒಮ್ಮೆ ಇಳಿದು ಏರುವುದಕ್ಕೆ ಒಂದು ಸೆಂ.ಮೀ. ಹಿಡಿದರೂ ಒಂದು ಕೌದಿಯಲ್ಲಿ 21,000 ಸಲ ಸೂಜಿ ಚುಚ್ಚಿರುತ್ತದೆ. ಊರಿಂದ ಊರಿಗೆ ಬಂದು ಕೌದಿ ಹೊಲಿದುಕೊಡುವ ಅಲೆಮಾರಿ ಕುಟುಂಬಗಳ ಹೆಣ್ಣುಮಕ್ಕಳೊಡನೆ ಕೂಲಿಗೆ ಚೌಕಾಶಿ ಮಾಡುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಹೊಲಿದು ಮಾರುವ ಸ್ವಸಹಾಯ ಸಂಘಗಳೂ ಬಟ್ಟೆ ಹಳೆಯದೆಂದು ಬೆಲೆ ಇಳಿಸಬಾರದು. ಕೊಳ್ಳುವವರು ಕೊಡುವುದು ಕೈಕೆಲಸಕ್ಕೆ. ಒಂದು ಕೌದಿಗೆ ಎಷ್ಟು ತಾಸು ಹಿಡಿಯಿತೆಂದು ಬರೆದಿಟ್ಟು, ಅದರ ಮೇಲೆ ಬೆಲೆ ಕಟ್ಟಬೇಕು.

ಕೂಡಿ ಕುಳಿತಾಗ

21,000 ಚುಚ್ಚು ಒಬ್ಬರಿಗೆ ಬೇಸರ, ಆರು ಜನಕ್ಕೆ ಹಬ್ಬ. ಹೊಲದ ಕೆಲಸದಲ್ಲಿ ಮುಯ್ಯಾಳು ಇರುವಂತೆ ಕೌದಿಗೂ ಉಂಟು. ಇಂದು ಒಬ್ಬರ ಮನೆಯದು, ನಾಳೆ ಇನ್ನೊಬ್ಬರದು. ಸುತ್ತ ಕುಳಿತು ಅಂಚಿನಿಂದ ಒಳಗೊಳಗೆ ಹೊಲಿಯುತ್ತ ಹೋದಂತೆ ಕುಳಿತವರೂ ಹತ್ತಿರವಾಗುತ್ತಾರೆ. ಅತ್ತೆ, ಸೊಸೆ, ನೆಗೆಣ್ಣಿ, ನೆರೆಮನೆಯವರು ಎಲ್ಲರ ಮಾತೂ ಅಲ್ಲಿ ನಡೆಯುತ್ತದೆ. ಹಾಡು ಬಲ್ಲವರಿದ್ದರೆ ಹಾಡು. ಹೊಸಬರಿಗೆ ನಡುವಿನ ನೇರ ಸಾಲು ಕೊಟ್ಟು, ಮೂಲೆಯನ್ನು ಹಿರಿಯರೇ ಇಟ್ಟುಕೊಳ್ಳುತ್ತಾರೆ. ಯಾರೂ ಪಾಠ ಹೇಳುವುದಿಲ್ಲ. ಪಕ್ಕದವರ ಕೈ ನೋಡಿಯೇ ಕಲಿಕೆ.

ನಮ್ಮ ವಿಸ್ತರಣಾ ಕಾರ್ಯಕರ್ತರು ಇಂಥ ಜಾಗಕ್ಕೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಸಭೆ ಕರೆದರೆ ಬಾರದ ಹೆಣ್ಣುಮಕ್ಕಳು ಇಲ್ಲಿ ತಾವಾಗಿಯೇ ಕೂಡಿರುತ್ತಾರೆ. ಬೀಜದ ಆಯ್ಕೆ, ಕಾಳಿಗೆ ಹುಳ ಬೀಳದಂತೆ ಇಡುವ ಬಗೆ, ಮೇಲೆ ಹೇಳಿದ ಸಿಂಪರಣೆ ಬಟ್ಟೆಯ ವಿಷಯ, ಇವನ್ನೆಲ್ಲ ಹೊಲಿಗೆ ನಿಲ್ಲಿಸದೆ ಮಾತಾಡಬಹುದು. ಭಾಷಣ ಮಾಡಲು ಹೋಗುವವರು ಹೋಗದಿರುವುದೇ ಲೇಸು.

ಒಂದೇ ಹೊಲಿಗೆ, ಹಲವು ಕೆಲಸ

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಇದೇ ಸಾದಾ ಹೊಲಿಗೆಯಿಂದ ಕವಂದಿ ಹೊಲಿಯುತ್ತಾರೆ. ಅಂಚಿನಿಂದ ತುಂಡು ಕೂಡಿಸುತ್ತ, ಸುತ್ತುತ್ತ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ನಾಲ್ಕು ಮೂಲೆಗೂ ಮಡಿಚಿದ ಮುಕ್ಕೋನದ ತುಂಡುಗಳ ‘ಫುಲ’ ಇಡದೆ ಕವಂದಿ ಪೂರ್ತಿಯಾಯಿತೆಂದು ಒಪ್ಪುವುದಿಲ್ಲ.

ಸಾದಾ ಹೊಲಿಗೆಯಲ್ಲಿ ಒಂದು ಸಾಲು ಹೋಗಿ, ಅದೇ ದಾರಿಯಲ್ಲಿ ಬಿಟ್ಟ ಸಂದುಗಳನ್ನು ತುಂಬುತ್ತ ಮರಳಿ ಬಂದರೆ ಎರಡೂ ಬದಿಗೆ ಒಂದೇ ರೀತಿ ಕಾಣುವ ಮುರಿಯದ ಗೆರೆ ಮೂಡುತ್ತದೆ. ಧಾರವಾಡದ ಕಸೂತಿಯಲ್ಲಿ ಇದೇ ಗಾವಂತಿ. ಅಲ್ಲಿ ಗಂಟು ಹಾಕದೆ, ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ಎಣಿಕೆ ಬೇಡವೆಂದರೆ ಹೋಗಿ ಬರುವ ಈ ಹೊಲಿಗೆಯಿಂದ ಯಂತ್ರವಿಲ್ಲದೆ ಅಂಗಿಯನ್ನೇ ಹೊಲಿಯಬಹುದು. ಕೌದಿ ಹೊಲಿದ ಕೈಗೆ ಇದು ಕಷ್ಟವಲ್ಲ.

ಮಗುವಿಗೊಂದು ಅಂಗಿ

ಹಳೆಯ ಕಾಲದ ಅಂಗಿಗಳಲ್ಲಿ ಎಲ್ಲ ತುಂಡುಗಳೂ ಚೌಕವೇ. ಕತ್ತರಿಸುವುದು ಸುಲಭ, ಬಟ್ಟೆ ಹಾಳಾಗುವುದು ಕಡಿಮೆ. ನಾಲ್ಕೈದು ವರ್ಷದ, 56 ಸೆಂ.ಮೀ. ಎದೆಸುತ್ತಿನ ಮಗುವಿಗೆ 90 ಸೆಂ.ಮೀ. ಪನ್ನದ ಹತ್ತಿ ಬಟ್ಟೆ 1.10 ಮೀಟರು ಸಾಕು. ನೆನೆಸಿ ಒಣಗಿಸಿದ ಮೇಲೆಯೇ ಅಳೆಯಬೇಕು.

ಎದೆಸುತ್ತಿಗೆ 12 ಸೆಂ.ಮೀ. ಸಡಿಲ ಸೇರಿಸಿದರೆ 68. ಅರ್ಧ ಮಾಡಿದರೆ 34. ಎರಡೂ ಬದಿಯ ಹೊಲಿಗೆಗೆ 3 ಸೇರಿಸಿ 37 ಸೆಂ.ಮೀ. ಅಗಲ, 96 ಸೆಂ.ಮೀ. ಉದ್ದದ ಪಟ್ಟಿಯನ್ನು ಬಟ್ಟೆಯ ಹಾಸಿನ ಉದ್ದಕ್ಕೆ ಕತ್ತರಿಸಬೇಕು. ನಡುವೆ ಮಡಿಚಿದರೆ ಮುಂಭಾಗ ಹಿಂಭಾಗ ಎರಡೂ ಆಯಿತು. ಹೆಗಲಿಗೆ ಹೊಲಿಗೆಯೇ ಇಲ್ಲ. ಉಳಿದದ್ದರಲ್ಲಿ 31 ಸೆಂ.ಮೀ. ಅಗಲ, 33.5 ಸೆಂ.ಮೀ. ಉದ್ದದ ಎರಡು ತೋಳು, 11 ಸೆಂ.ಮೀ.ಗಳ ಎರಡು ಚೌಕ.

ಈ ಸಣ್ಣ ಚೌಕಗಳಲ್ಲಿಯೇ ಅಂಗಿಯ ಗುಟ್ಟಿದೆ. ಗುದ್ದಲಿ ಎತ್ತಿದವರಿಗೆಲ್ಲ ಅಂಗಿ ಮೊದಲು ಕಂಕುಳಲ್ಲೇ ಹರಿಯುವುದು ಗೊತ್ತು. ಕೈ ಎತ್ತಿದಾಗ ಬಟ್ಟೆ ಅಲ್ಲಿ ಓರೆಯಾಗಿ ಎಳೆಯಲ್ಪಡುತ್ತದೆ. ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಉದ್ದಕ್ಕೆ ಹಿಗ್ಗುವುದಿಲ್ಲ. ಬಟ್ಟೆ ಹಿಗ್ಗುವುದು ಇವೆರಡರ ನಡುವಿನ ಓರೆಯಲ್ಲಿ ಮಾತ್ರ. ತೋಳಿನ ಉದ್ದದ ಅಂಚಿನ ನಡುವನ್ನಲ್ಲ, ಅದರ 31 ಸೆಂ.ಮೀ. ಅಂಚಿನ ನಡುವನ್ನು ಹೆಗಲಿನ ಮಡಿಕೆಗೆ ಸರಿಯಾಗಿ ಹಿಡಿದು ತೋಳನ್ನು ಮೈಗೆ ಹೊಲಿಯಬೇಕು. ಆಮೇಲೆ ಚೌಕದ ಎರಡು ಬದಿಗಳನ್ನು ತೋಳಿನ ಕೆಳ ಅಂಚುಗಳಿಗೆ, ಇನ್ನೆರಡು ಬದಿಗಳನ್ನು ಮೈಯ ಮುಂದಿನ, ಹಿಂದಿನ ಅಂಚುಗಳಿಗೆ ಕೂಡಿಸಬೇಕು. ಆಗ ಚೌಕ ಕಂಕುಳಲ್ಲಿ ಮೂಲೆ ಕೆಳಗಾಗಿ ನಿಂತು, ಎಳೆತ ಬಿದ್ದಾಗ ಓರೆಯಲ್ಲಿ ಹಿಗ್ಗಿಕೊಡುತ್ತದೆ. ಕೊನೆಗೆ ಮಣಿಕಟ್ಟಿನಿಂದ ಚೌಕದವರೆಗೆ, ಚೌಕದಿಂದ ಕೆಳಗಿನ ಅಂಚಿನವರೆಗೆ ಪಕ್ಕಗಳನ್ನು ಮುಚ್ಚಬೇಕು.

ಕೊರಳಿಗೆ ಮಡಿಕೆಯ ನಡುವಿನಿಂದ ಎರಡೂ ಬದಿಗೆ 5 ಸೆಂ.ಮೀ., ಹಿಂದಕ್ಕೆ 2, ಮುಂದಕ್ಕೆ 6 ಸೆಂ.ಮೀ. ಗುರುತು ಮಾಡಿ ದುಂಡಗೆ ಕತ್ತರಿಸಿದರೆ ಸುತ್ತಳತೆ 29 ಸೆಂ.ಮೀ. ಆಗುತ್ತದೆ. ತಲೆ ಹಾಯಲು ಇದು ಸಾಲದು. ಮುಂಭಾಗದಲ್ಲಿ 12 ಸೆಂ.ಮೀ. ಸೀಳು ಬಿಡಬೇಕು. ಸೀಳಿನ ಅಂಚನ್ನು ಸಣ್ಣಗೆ ಮಡಿಚಿ ಹೊಲಿದು, ಕೊರಳ ಸುತ್ತ ಓರೆಯಾಗಿ ಕತ್ತರಿಸಿದ 3 ಸೆಂ.ಮೀ. ಪಟ್ಟಿಯನ್ನು ಕೂಡಿಸಬೇಕು. ದರ್ಜಿಗಳು ಕ್ರಾಸ್ ಪಟ್ಟಿ ಎನ್ನುವುದು ಇದನ್ನೇ. ನೇರ ಪಟ್ಟಿ ದುಂಡಗಿನ ಅಂಚಿಗೆ ಬಾಗದೆ ನೆರಿಗೆ ಬೀಳುತ್ತದೆ.

ಮಗು ಎತ್ತರ ಬೆಳೆಯುವುದರಿಂದ ಮೈಯ ಪಟ್ಟಿಯನ್ನು ಬಟ್ಟೆಯಲ್ಲಿ ಉಳಿದಷ್ಟೂ ಉದ್ದಕ್ಕೆ ಬಿಟ್ಟು, ಹೆಚ್ಚಿನದನ್ನು ಕೆಳಗಿನ ಮಡಿಕೆಯೊಳಗೆ ಸೇರಿಸಿ ದೊಡ್ಡ ಟಾಕಿನಲ್ಲಿ ಹೊಲಿದಿಟ್ಟರೆ ಮುಂದಿನ ವರ್ಷ ಬಿಚ್ಚಿ ಇಳಿಸಿಕೊಳ್ಳಬಹುದು.