ಉದಾಂತ ಸಿಂಗ್

ಉದಾಂತ ಸಿಂಗ್ ಕುಮಾಮ್ (ಜನನ: 14 ಜೂನ್ 1996) ಭಾರತದ ವೃತ್ತಿಪರ ಫುಟ್‌ಬಾಲ್ ಆಟಗಾರರು. ಮೈದಾನದ ಬಲ ಪಾರ್ಶ್ವದಲ್ಲಿ ಆಡುವ ವಿಂಗರ್ ಆಗಿ ಇವರು ಪ್ರಸಿದ್ಧರು. ಮಣಿಪುರದಲ್ಲಿ ಜನಿಸಿದ ಇವರು 2014ರಿಂದ 2023ರವರೆಗೆ ಬೆಂಗಳೂರು ಎಫ್‌ಸಿ ತಂಡದ ಪರವಾಗಿ ಆಡಿದರು. ಐ-ಲೀಗ್, ಫೆಡರೇಷನ್ ಕಪ್, ಸೂಪರ್ ಕಪ್, ಇಂಡಿಯನ್ ಸೂಪರ್ ಲೀಗ್ ಮತ್ತು ಡುರಾಂಡ್ ಕಪ್ ಪ್ರಶಸ್ತಿಗಳನ್ನು ಗೆದ್ದ ತಂಡಗಳಲ್ಲಿ ಇವರಿದ್ದರು. 2023ರಲ್ಲಿ ಎಫ್‌ಸಿ ಗೋವಾ ತಂಡವನ್ನು ಸೇರಿದರು. 2016ರಿಂದ ಭಾರತದ ರಾಷ್ಟ್ರೀಯ ತಂಡವನ್ನು ಪ್ರತಿನಿಧಿಸಿರುವ ಇವರು 2019ರ ಎಎಫ್‌ಸಿ ಏಷ್ಯನ್ ಕಪ್‌ನಲ್ಲಿಯೂ ಆಡಿದ್ದಾರೆ.

ಹಿನ್ನೆಲೆ

ಕರ್ನಾಟಕದಲ್ಲಿ ಫುಟ್‌ಬಾಲ್ ಆಟಕ್ಕೆ ದೀರ್ಘ ಇತಿಹಾಸವಿದೆ. ಅಂದಿನ ಮೈಸೂರು ತಂಡವು 1946ರಲ್ಲಿ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಸ್ವತಂತ್ರ ಭಾರತವು ಮೊದಲ ಬಾರಿಗೆ ಭಾಗವಹಿಸಿದ 1948ರ ಲಂಡನ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಪಂದ್ಯದಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲನ್ನು ಗಳಿಸಿದವರು ಸಾರಂಗಪಾಣಿ ರಾಮನ್. ಆ ಪಂದ್ಯವನ್ನು ಭಾರತ 1–2 ಅಂತರದಲ್ಲಿ ಸೋತಿತು. 1952, 1967 ಮತ್ತು 1968ರಲ್ಲಿಯೂ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ಪಡೆಯಿತು. ಅನಂತರದ ದಶಕಗಳಲ್ಲಿ ಈ ಪರಂಪರೆ ಕ್ಷೀಣಿಸಿತು. ರಾಜ್ಯವು ಮತ್ತೆ ಸಂತೋಷ್ ಟ್ರೋಫಿಯನ್ನು ಗೆಲ್ಲಲು 2023ರವರೆಗೆ ಕಾಯಬೇಕಾಯಿತು.

2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ನಗರದ ಫುಟ್‌ಬಾಲ್ ಆಸಕ್ತಿಗೆ ಹೊಸ ನೆಲೆಯನ್ನು ಒದಗಿಸಿತು. ತನ್ನ ಮೊದಲ ಋತುವಿನಲ್ಲಿಯೇ ಈ ಕ್ಲಬ್ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಎರಡನೆಯ ಋತುವಿನಲ್ಲಿ ಶ್ರೀ ಕಂಠೀರವ ಕ್ರೀಡಾಂಗಣವನ್ನು ತನ್ನ ತವರು ಮೈದಾನವಾಗಿಸಿಕೊಂಡಿತು. ಉದಾಂತ ಸಿಂಗ್ ತಂಡವನ್ನು ಸೇರಿದ್ದು ಇದೇ ಸಮಯದಲ್ಲಿ.

ಆರಂಭಿಕ ಜೀವನ

ಉದಾಂತ ಅವರು ಜೆಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ತರಬೇತಿ ಪಡೆದರು. ಚಿಕ್ಕ ವಯಸ್ಸಿನ ಆಟಗಾರರನ್ನು ಆಯ್ದು, ವಸತಿ ಸಹಿತವಾಗಿ ತರಬೇತಿ ನೀಡುವ ಈ ಸಂಸ್ಥೆಯಿಂದ ಭಾರತ ತಂಡದ ಅನೇಕ ಆಟಗಾರರು ಬಂದಿದ್ದಾರೆ. ಬೆಂಗಳೂರಿನವರೇ ಆದ ಕಾರ್ಲ್‌ಟನ್ ಚಾಪ್‌ಮನ್ ಕೂಡ ಇದೇ ಅಕಾಡೆಮಿಯಲ್ಲಿ ಬೆಳೆದವರು. ಈಶಾನ್ಯ ರಾಜ್ಯಗಳ ಪ್ರತಿಭಾವಂತ ಬಾಲಕರು ತವರನ್ನು ಬಿಟ್ಟು ಅಕಾಡೆಮಿಯನ್ನು ಸೇರುವುದು, ಅಲ್ಲಿಂದ ಬೇರೆ ರಾಜ್ಯದ ಕ್ಲಬ್ಬಿಗೆ ಹೋಗುವುದು ಭಾರತೀಯ ಫುಟ್‌ಬಾಲ್‌ನಲ್ಲಿ ಸಾಮಾನ್ಯ. ಉದಾಂತ ಅವರ ವೃತ್ತಿಜೀವನವೂ ಇದೇ ಹಾದಿಯಲ್ಲಿ ಸಾಗಿತು. 2014ರಲ್ಲಿ ಬೆಂಗಳೂರಿಗೆ ಬಂದಾಗ ಅವರಿಗೆ 18 ವರ್ಷ.

ಕ್ಲಬ್ ವೃತ್ತಿಜೀವನ

ಬೆಂಗಳೂರು ಎಫ್‌ಸಿ: ಐ-ಲೀಗ್ ಕಾಲ (2014–2017)

ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಆಗ ತಂಡದ ಮುಖ್ಯ ತರಬೇತುದಾರರಾಗಿದ್ದರು. ಉದಾಂತ ಅವರ ಮೊದಲ ಋತುವಿನಲ್ಲಿ ಬೆಂಗಳೂರು ಎಫ್‌ಸಿ 2015ರ ಜನವರಿ 11ರಂದು ಗೋವಾದಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ತಂಡವನ್ನು 2–1ರಿಂದ ಸೋಲಿಸಿತು. ಆದರೆ ಅದೇ ವರ್ಷದ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಗಾನ್ ವಿರುದ್ಧದ ಕೊನೆಯ ಲೀಗ್ ಪಂದ್ಯ 1–1ರಲ್ಲಿ ಸಮಬಲಗೊಂಡು, ಪ್ರಶಸ್ತಿ ಕೈತಪ್ಪಿತು. ಗೆಲುವು ಅನಿವಾರ್ಯವಾಗಿದ್ದ ಆ ಪಂದ್ಯದಲ್ಲಿ ಬೆಂಗಳೂರು ಮುನ್ನಡೆ ಸಾಧಿಸಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬೆಲ್ಲೊ ರಜಾಕ್ ಗಳಿಸಿದ ಗೋಲು ಮೋಹನ್ ಬಗಾನ್ ತಂಡವನ್ನು ಚಾಂಪಿಯನ್ ಆಗಿಸಿತು.

ಮುಂದಿನ ಋತುವಿನಲ್ಲಿ (2015–16) ಬೆಂಗಳೂರು ಎಫ್‌ಸಿ ಐ-ಲೀಗ್ ಪ್ರಶಸ್ತಿಯನ್ನು ಮರಳಿ ಪಡೆಯಿತು. 2016ರ ಎಎಫ್‌ಸಿ ಕಪ್‌ನಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಅವರ ತರಬೇತಿಯಲ್ಲಿ ತಂಡ ಫೈನಲ್ ತಲುಪಿತು. ಭಾರತದ ಕ್ಲಬ್ ಒಂದು ಈ ಟೂರ್ನಿಯ ಫೈನಲ್ ಪ್ರವೇಶಿಸಿದ್ದು ಅದೇ ಮೊದಲು. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಬೆಂಗಳೂರಿನಲ್ಲಿ 3–1ರಿಂದ ಮಣಿಸಲಾಯಿತು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ 1–0ರಿಂದ ಗೆದ್ದಿತು. 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಗಾನ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 2–0ರಿಂದ ಸೋಲಿಸಿ ಬೆಂಗಳೂರು ಎರಡನೆಯ ಬಾರಿಗೆ ಫೆಡರೇಷನ್ ಕಪ್ ಪಡೆಯಿತು.

ಬೆಂಗಳೂರು ಎಫ್‌ಸಿ: ಇಂಡಿಯನ್ ಸೂಪರ್ ಲೀಗ್ ಕಾಲ (2017–2023)

2017–18ರಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ಗೆ ಸೇರ್ಪಡೆಯಾಯಿತು. ಮುಂಚೂಣಿಯಲ್ಲಿ ಸುನಿಲ್ ಛೆಟ್ರಿ ಮತ್ತು ವೆನೆಜುವೆಲಾದ ಮಿಕು, ಬಲ ಪಾರ್ಶ್ವದಲ್ಲಿ ಉದಾಂತ ಇದ್ದ ತಂಡ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆಯಿತು. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ಚೆನ್ನೈಯಿನ್ ಎಫ್‌ಸಿ ವಿರುದ್ಧ ನಡೆದ ಫೈನಲ್‌ನ 9ನೆಯ ನಿಮಿಷದಲ್ಲಿ ಬಲಗಡೆಯಿಂದ ಉದಾಂತ ನೀಡಿದ ಕ್ರಾಸ್ ಅನ್ನು ಛೆಟ್ರಿ ತಲೆಯಿಂದ ಗೋಲಿಗೆ ತಲುಪಿಸಿದರು. ಆದರೂ ಬೆಂಗಳೂರು 2–3ರಿಂದ ಸೋತಿತು. ಮರುತಿಂಗಳು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 4–1ರಿಂದ ಸೋಲಿಸಿ ಮೊದಲ ಸೂಪರ್ ಕಪ್ ಅನ್ನು ಗೆದ್ದುಕೊಂಡಿತು.

ಕಾರ್ಲೆಸ್ ಕ್ವಾದ್ರಾತ್ ಮುಖ್ಯ ತರಬೇತುದಾರರಾದ 2018–19ರ ಋತುವು ಕ್ಲಬ್ಬಿನ ಇತಿಹಾಸದಲ್ಲಿ ಮಹತ್ವದ್ದು. 2019ರ ಮಾರ್ಚ್ 17ರಂದು, ಹಿಂದಿನ ಸೋಲಿಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಫೈನಲ್ ನಡೆಯಿತು. ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ಗಳಿಸಿದ ಏಕೈಕ ಗೋಲಿನಿಂದ ಬೆಂಗಳೂರು ಮೊದಲ ಬಾರಿಗೆ ಇಂಡಿಯನ್ ಸೂಪರ್ ಲೀಗ್ ಚಾಂಪಿಯನ್ ಆಯಿತು.

ಇದಾದ ಬಳಿಕ ತಂಡದ ಪ್ರದರ್ಶನ ಇಳಿಮುಖವಾಯಿತು. 2020–21ರಲ್ಲಿ ಏಳನೆಯ ಹಾಗೂ 2021–22ರಲ್ಲಿ ಆರನೆಯ ಸ್ಥಾನಕ್ಕೆ ಕುಸಿದ ಬೆಂಗಳೂರು ಎರಡೂ ಬಾರಿ ಪ್ಲೇ-ಆಫ್ ಹಂತವನ್ನು ತಲುಪಲಿಲ್ಲ. ಸೈಮನ್ ಗ್ರೇಸನ್ ಅವರ ತರಬೇತಿಯಲ್ಲಿ 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬೈ ಸಿಟಿ ತಂಡವನ್ನು 2–1ರಿಂದ ಸೋಲಿಸಿ ಮೊದಲ ಬಾರಿಗೆ ಡುರಾಂಡ್ ಕಪ್ ಗೆದ್ದಾಗ ಚೇತರಿಕೆ ಕಂಡಿತು. 2023ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್ ತಲುಪಿದ ತಂಡ ಎಟಿಕೆ ಮೋಹನ್ ಬಗಾನ್ ವಿರುದ್ಧ 2–2ರ ಸಮಬಲದ ಅನಂತರ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಈ ಋತುವಿನ ಕೊನೆಯಲ್ಲಿ ಉದಾಂತ ಅವರ ಒಂಬತ್ತು ವರ್ಷಗಳ ಬೆಂಗಳೂರು ವಾಸ ಮುಕ್ತಾಯಗೊಂಡಿತು.

ಎಫ್‌ಸಿ ಗೋವಾ (2023ರಿಂದ)

2023ರಲ್ಲಿ ಉದಾಂತ ಎಫ್‌ಸಿ ಗೋವಾ ತಂಡವನ್ನು ಸೇರಿದರು. ಸ್ಪೇನಿನ ಮನೋಲೊ ಮಾರ್ಕೆಸ್ ಅಲ್ಲಿ ಮುಖ್ಯ ತರಬೇತುದಾರರಾಗಿದ್ದರು. 2024–25ರ ಲೀಗ್ ಹಂತದಲ್ಲಿ ಗೋವಾ ಎರಡನೆಯ ಸ್ಥಾನ ಪಡೆಯಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಉದಾಂತ ಅವರ ಹಳೆಯ ತಂಡ. ಬೆಂಗಳೂರಿನಲ್ಲಿ 0–2ರಿಂದ ಸೋತಿದ್ದ ಗೋವಾ ತನ್ನ ತವರಿನಲ್ಲಿ ಎರಡು ಗೋಲು ಗಳಿಸಿ ಒಟ್ಟು ಅಂಕವನ್ನು ಸರಿಗಟ್ಟಿತು. ಆದರೆ ಪಂದ್ಯದ ಕೊನೆಯ ಕ್ಷಣಗಳಲ್ಲಿ ಛೆಟ್ರಿ ಗಳಿಸಿದ ಗೋಲಿನಿಂದ ಬೆಂಗಳೂರು ಒಟ್ಟು 3–2ರ ಅಂತರದಲ್ಲಿ ಫೈನಲ್ ಪ್ರವೇಶಿಸಿತು. ಮರುತಿಂಗಳು, 2025ರ ಮೇ 3ರಂದು, ಭುವನೇಶ್ವರದಲ್ಲಿ ಜೆಮ್‌ಶೆಡ್‌ಪುರ ಎಫ್‌ಸಿಯನ್ನು 3–0ರಿಂದ ಸೋಲಿಸಿದ ಗೋವಾ ಸೂಪರ್ ಕಪ್ ಗೆದ್ದಿತು.

ಅಂತರರಾಷ್ಟ್ರೀಯ ವೃತ್ತಿಜೀವನ

ಸ್ಟೀಫನ್ ಕಾನ್‌ಸ್ಟಂಟೈನ್ ಭಾರತ ತಂಡದ ತರಬೇತುದಾರರಾಗಿದ್ದಾಗ, 2016ರಲ್ಲಿ, ಉದಾಂತ ರಾಷ್ಟ್ರೀಯ ತಂಡಕ್ಕೆ ಪದಾರ್ಪಣೆ ಮಾಡಿದರು. 2017ರ ಮಾರ್ಚ್ 28ರಂದು ಯಾಂಗೂನ್‌ನಲ್ಲಿ ಮ್ಯಾನ್ಮಾರ್ ವಿರುದ್ಧ ನಡೆದ ಏಷ್ಯನ್ ಕಪ್ ಅರ್ಹತಾ ಪಂದ್ಯ ಗೋಲಿಲ್ಲದೆ ಕೊನೆಯ ನಿಮಿಷ ತಲುಪಿತ್ತು. ಆಗ ಬಲಗಡೆ ಚೆಂಡಿನೊಂದಿಗೆ ಓಡಿ ಉದಾಂತ ಒದಗಿಸಿದ ಪಾಸ್‌ನಿಂದ ಛೆಟ್ರಿ ಗೋಲು ಗಳಿಸಿ ಭಾರತವನ್ನು 1–0ರಿಂದ ಗೆಲ್ಲಿಸಿದರು. ಮ್ಯಾನ್ಮಾರ್ ನೆಲದಲ್ಲಿ ಭಾರತಕ್ಕೆ 64 ವರ್ಷಗಳ ಅನಂತರ ದೊರೆತ ಗೆಲುವು ಇದಾಗಿತ್ತು. ಅದೇ ವರ್ಷದ ಅಕ್ಟೋಬರ್ 11ರಂದು ಬೆಂಗಳೂರಿನಲ್ಲಿ ಮಕಾವ್ ತಂಡವನ್ನು 4–1ರಿಂದ ಸೋಲಿಸಿ ಭಾರತ 2019ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು.

2018ರ ಜೂನ್ 1ರಂದು ಮುಂಬೈಯಲ್ಲಿ ನಡೆದ ಇಂಟರ್‌ಕಾಂಟಿನೆಂಟಲ್ ಕಪ್ ಪಂದ್ಯದಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ ಪಡೆದ 5–0ರ ಗೆಲುವಿನಲ್ಲಿ ಉದಾಂತ ಒಂದು ಗೋಲು ಗಳಿಸಿದರು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಡೆದ 2019ರ ಏಷ್ಯನ್ ಕಪ್‌ನ ಮೊದಲ ಪಂದ್ಯದಲ್ಲಿ ಭಾರತ ಥಾಯ್ಲೆಂಡ್ ತಂಡವನ್ನು 4–1ರಿಂದ ಮಣಿಸಿತು. ಆ ಪಂದ್ಯದ ಎರಡನೆಯ ಅವಧಿಯಲ್ಲಿ ಉದಾಂತ ಅವರ ಓಟ ಎದುರಾಳಿ ರಕ್ಷಣಾ ಪಡೆಗೆ ಸತತವಾಗಿ ತೊಂದರೆ ಕೊಟ್ಟಿತು. ಆತಿಥೇಯರ ವಿರುದ್ಧ 0–2, ಬಹರೈನ್ ವಿರುದ್ಧ 0–1ರಿಂದ ಸೋತ ಭಾರತ ಗುಂಪು ಹಂತದಲ್ಲಿಯೇ ಹೊರಬಿದ್ದಿತು.

2023ರ ಸ್ಯಾಫ್ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲಿ ನಡೆಯಿತು. ಜೂನ್ 21ರಂದು ಕಂಠೀರವದಲ್ಲಿ ಪಾಕಿಸ್ತಾನವನ್ನು 4–0ರಿಂದ ಸೋಲಿಸಿದ ಪಂದ್ಯದಲ್ಲಿ ಛೆಟ್ರಿ ಮೂರು ಗೋಲು ಗಳಿಸಿದರೆ, ನಾಲ್ಕನೆಯದನ್ನು ಉದಾಂತ ಗಳಿಸಿದರು. ಜುಲೈ 4ರಂದು ಅದೇ ಮೈದಾನದಲ್ಲಿ ಕುವೈತ್ ವಿರುದ್ಧದ ಫೈನಲ್ 1–1ರಲ್ಲಿ ಸಮಬಲಗೊಂಡು ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಕುವೈತ್ ತನ್ನ ಮೊದಲ ಅವಕಾಶವನ್ನು ಕಳೆದುಕೊಂಡಿದ್ದರಿಂದ ಭಾರತಕ್ಕೆ ಮುನ್ನಡೆ ದೊರೆತಿತ್ತು. ಭಾರತದ ನಾಲ್ಕನೆಯ ಪೆನಾಲ್ಟಿಯನ್ನು ತೆಗೆದುಕೊಂಡ ಉದಾಂತ ಗೋಲು ಗಳಿಸುವಲ್ಲಿ ವಿಫಲರಾದಾಗ ಆ ಮುನ್ನಡೆ ಇಲ್ಲವಾಯಿತು. ಆರನೆಯ ಸುತ್ತಿನಲ್ಲಿ ಮಹೇಶ್ ಸಿಂಗ್ ಗೋಲು ಗಳಿಸಿದರು. ಬಳಿಕ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕುವೈತ್‌ನ ಹೊಡೆತವನ್ನು ತಡೆದುದರಿಂದ ಭಾರತ 5–4ರಿಂದ ಪ್ರಶಸ್ತಿ ಗೆದ್ದಿತು. ಹೀಗೆ ಉದಾಂತ ಅವರು ಬೆಂಗಳೂರನ್ನು ಬಿಟ್ಟ ಬೇಸಿಗೆಯಲ್ಲಿಯೇ, ಎರಡು ವಾರಗಳ ಅಂತರದಲ್ಲಿ, ಅವರ ಹಳೆಯ ತವರು ಮೈದಾನದಲ್ಲಿ ಒಂದು ಗೋಲೂ ಒಂದು ತಪ್ಪಿದ ಪೆನಾಲ್ಟಿಯೂ ದಾಖಲಾದವು.

ಆಟದ ಶೈಲಿ

ಮೈದಾನದ ಅಂಚಿನ ಗೆರೆಯ ಬದಿಯಲ್ಲಿ ಆಡುವ ಮುನ್ಪಡೆಯ ಆಟಗಾರನನ್ನು ವಿಂಗರ್ ಎನ್ನುತ್ತಾರೆ. ಎದುರಾಳಿ ತಂಡದ ರಕ್ಷಣಾ ಸಾಲನ್ನು ಅಗಲಕ್ಕೆ ಎಳೆಯುವುದು, ಪಾರ್ಶ್ವದ ರಕ್ಷಕನನ್ನು ದಾಟಿ ಮುನ್ನುಗ್ಗುವುದು, ಗೋಲಿನ ಮುಂದೆ ನಿಂತ ಸಹ ಆಟಗಾರನಿಗೆ ಚೆಂಡನ್ನು ಒದಗಿಸುವುದು ವಿಂಗರ್‌ನ ಮುಖ್ಯ ಕೆಲಸಗಳು. ಚೆಂಡು ಎದುರಾಳಿಯ ವಶದಲ್ಲಿರುವಾಗ ಹಿಂದಕ್ಕೆ ಓಡಿ ತನ್ನ ಬದಿಯ ರಕ್ಷಕನಿಗೆ ನೆರವಾಗುವುದೂ ಇವರದೇ ಹೊಣೆ. ಬಲಗಾಲಿನ ಆಟಗಾರನು ಬಲಬದಿಯಲ್ಲಿದ್ದರೆ ಗೆರೆಯ ಉದ್ದಕ್ಕೂ ಓಡಿ ಕ್ರಾಸ್ ನೀಡುವುದು ಸಹಜ. ಎಡಬದಿಯಲ್ಲಿದ್ದರೆ ಒಳಕ್ಕೆ ತಿರುಗಿ ತಾನೇ ಗೋಲಿಗೆ ಹೊಡೆಯಬಹುದು. ಉದಾಂತ ಮುಖ್ಯವಾಗಿ ಮೊದಲ ಬಗೆಯ ಆಟಗಾರರು.

ವೇಗವೇ ಅವರ ಆಟದ ಪ್ರಧಾನ ಗುಣ. ಎದುರಾಳಿಯ ದಾಳಿ ಮುರಿದುಬಿದ್ದ ಕೂಡಲೇ ಖಾಲಿ ಜಾಗಕ್ಕೆ ನುಗ್ಗುವ ಪ್ರತಿದಾಳಿಯಲ್ಲಿ ಈ ವೇಗ ಹೆಚ್ಚು ಫಲ ನೀಡುತ್ತದೆ. ಎದುರಾಳಿಗಳು ತಮ್ಮ ಗೋಲಿನ ಬಳಿ ಒತ್ತಾಗಿ ನಿಂತು ರಕ್ಷಿಸಿಕೊಂಡಾಗ ಓಡಲು ಜಾಗ ಸಿಗದೆ, ಅದೇ ಗುಣದ ಪರಿಣಾಮ ಕುಗ್ಗುತ್ತದೆ. ಗೋಲಿನ ಸಮೀಪದಲ್ಲಿ ಕೊನೆಯ ಹೊಡೆತ ಅಥವಾ ಕೊನೆಯ ಪಾಸ್‌ನಲ್ಲಿ ನಿಖರತೆ ಸಾಲದು ಎಂಬ ಟೀಕೆಯೂ ಅವರ ಬಗ್ಗೆ ಕೇಳಿಬಂದಿದೆ. ಆದರೆ ಯಾಂಗೂನ್‌ನ ಗೋಲಿನಂತೆ, 2018ರ ಫೈನಲ್‌ನ ಮೊದಲ ಗೋಲಿನಂತೆ, ವಿಂಗರ್‌ನ ಕೊಡುಗೆ ಹಲವು ಬಾರಿ ಗೋಲು ಗಳಿಸಿದವರ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಭಾರತದ ಲೀಗ್ ವ್ಯವಸ್ಥೆಯೂ ಈ ಸ್ಥಾನಕ್ಕೆ ವಿಶೇಷ ಮಹತ್ವ ತಂದಿದೆ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಏಕಕಾಲಕ್ಕೆ ಮೈದಾನದಲ್ಲಿರಬಹುದಾದ ವಿದೇಶಿ ಆಟಗಾರರ ಸಂಖ್ಯೆಯನ್ನು 2021–22ರಿಂದ ಐದರಿಂದ ನಾಲ್ಕಕ್ಕೆ ಇಳಿಸಲಾಯಿತು. ಕ್ಲಬ್‌ಗಳು ಮುಂಚೂಣಿಯ ನಡುವಿನ ಸ್ಥಾನಕ್ಕೆ ಸಾಮಾನ್ಯವಾಗಿ ವಿದೇಶಿ ಆಟಗಾರರನ್ನೇ ಆರಿಸಿಕೊಳ್ಳುವುದರಿಂದ, ದಾಳಿಯಲ್ಲಿ ಪಾಲ್ಗೊಳ್ಳಬಯಸುವ ಭಾರತೀಯ ಯುವಕರಿಗೆ ಪಾರ್ಶ್ವದ ಸ್ಥಾನಗಳೇ ಮುಖ್ಯ ಅವಕಾಶಗಳಾಗಿವೆ. ಒಂಬತ್ತು ಋತುಗಳ ಕಾಲ ಒಂದೇ ಕ್ಲಬ್ಬಿನಲ್ಲಿ ಈ ಸ್ಥಾನವನ್ನು ಉಳಿಸಿಕೊಂಡವರು ವಿರಳ.

ಪ್ರಶಸ್ತಿಗಳು

ಬೆಂಗಳೂರು ಎಫ್‌ಸಿ
ಫೆಡರೇಷನ್ ಕಪ್: 2014–15, 2017
ಐ-ಲೀಗ್: 2015–16
ಸೂಪರ್ ಕಪ್: 2018
ಇಂಡಿಯನ್ ಸೂಪರ್ ಲೀಗ್: 2018–19
ಡುರಾಂಡ್ ಕಪ್: 2022

ಎಫ್‌ಸಿ ಗೋವಾ
ಸೂಪರ್ ಕಪ್: 2025

ಭಾರತ
ಇಂಟರ್‌ಕಾಂಟಿನೆಂಟಲ್ ಕಪ್: 2018, 2023
ಸ್ಯಾಫ್ ಚಾಂಪಿಯನ್‌ಷಿಪ್: 2021, 2023