ಮಾತ್ರೆಗಿಂತ ಮೊದಲು ಒಂದು ಮಾತು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಯುವ ಮಿತ್ರರಾದ ನೀವು ಮನೆಯಲ್ಲಿ ಕೇಳಿಯೇ ಇರುತ್ತೀರಿ. ಆದರೆ ಹಿರಿಯರಿಗೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಬಂತೆಂದರೆ ದಿನವೂ ಮಾತ್ರೆಯದ್ದೇ ಜಗಳ. "ತಗೊಂಡ್ರಾ?" ಎಂದರೆ "ಆಯ್ತು" ಎನ್ನುತ್ತಾರೆ, ಡಬ್ಬಿಯಲ್ಲಿ ಮಾತ್ರೆ ಹಾಗೆಯೇ ಇರುತ್ತದೆ!

ಇದು ನಮ್ಮ ಮನೆಗಳ ಕಥೆ ಮಾತ್ರವಲ್ಲ. ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗೆ ಹೇಳಿದಂತೆ ಚಿಕಿತ್ಸೆ ಪಾಲಿಸುವವರು ಸರಾಸರಿ ಶೇಕಡಾ 50 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ವರದಿ ಮಾಡಿತು. ರಕ್ತದೊತ್ತಡ ಸಾಮಾನ್ಯವಾಗಿ ನೋಯುವುದಿಲ್ಲ. ಮಾತ್ರೆ ಬಿಟ್ಟದ್ದು ಪಾರ್ಶ್ವವಾಯು ಬಡಿದಾಗಲೇ ಅರಿವಾಗುವುದುಂಟು.

ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಸಮಸ್ಯೆಯುಳ್ಳವರಿಗಾಗಿ ಒಂದು ಸಂಭಾಷಣಾ ಕ್ರಮವನ್ನು ವಿವರಿಸಿದರು. 1991ರಲ್ಲಿ ಸ್ಟೀಫನ್ ರೋಲ್ನಿಕ್ ಜೊತೆ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಅದೇ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್. ರೋಗಿಯ ಮನಸ್ಸಿನಲ್ಲಿ 'ಬೇಕು', 'ಬೇಡ' ಎರಡೂ ಇರುತ್ತವೆ. ನಾವು 'ಬೇಕು' ಎಂದು ವಾದಿಸಿದಷ್ಟೂ ಅವರು 'ಬೇಡ'ದ ಪಕ್ಷ ಹಿಡಿಯುತ್ತಾರೆ. ಆದ್ದರಿಂದ ಕಾರಣವನ್ನು ಅವರ ಬಾಯಿಂದಲೇ ಹೊರಡಿಸಬೇಕು.

"ಅಜ್ಜಿ, ಮಾತ್ರೆ ನುಂಗೋದ್ರಲ್ಲಿ ಏನು ಕಷ್ಟ ಆಗ್ತದೆ?" ಎಂದು ಕೇಳಿ ನೋಡಿ. "ತಲೆ ಸುತ್ತುತ್ತೆ ಮಗಾ" ಎಂದರೆ ಗದರಬೇಡಿ. "ಎಲ್ಲಿ ಬಿದ್ದುಬಿಡ್ತೀನೋ ಅಂತ ಹೆದರಿಕೆ, ಅಲ್ವಾ?" ಎಂದು ಅವರ ಮಾತನ್ನೇ ಅರ್ಥ ಮಾಡಿಕೊಂಡು ಹೇಳಿ. ಆಮೇಲೆ, "ಸೊನ್ನೆಯಿಂದ ಹತ್ತರೊಳಗೆ ಈ ಮಾತ್ರೆ ನಿಮಗೆಷ್ಟು ಮುಖ್ಯ?" ಎಂದು ಕೇಳಿ. "ನಾಲ್ಕು" ಎಂದರೆ, "ಹತ್ತು ಯಾಕಲ್ಲ?" ಎನ್ನಬೇಡಿ, ನೆಪಗಳೇ ಬರುತ್ತವೆ. "ಒಂದಲ್ಲ, ನಾಲ್ಕು ಯಾಕೆ?" ಎನ್ನಿ. "ಊರಿನ ತೇರಿಗೆ ನನ್ನ ಕಾಲ ಮೇಲೇ ಹೋಗ್ಬೇಕಲ್ಲ" ಎಂಬ ಉತ್ತರ ಬಂದೀತು. ನಿಮ್ಮ ಹತ್ತು ಉಪದೇಶಕ್ಕಿಂತ ಅದಕ್ಕೆ ತೂಕ ಹೆಚ್ಚು. ಏನಾದರೂ ತಿಳಿಸುವುದಿದ್ದರೆ "ಒಂದು ಮಾತು ಹೇಳಲಾ?" ಎಂದು ಒಪ್ಪಿಗೆ ಕೇಳಿ, ಹೇಳಿ, "ನಿಮಗೇನನ್ನಿಸುತ್ತೆ?" ಎಂದು ಕೇಳಿ.

ಇದು ಮಂತ್ರದಂಡವಲ್ಲ. ಅಧ್ಯಯನಗಳಲ್ಲಿ ಕಂಡ ಪ್ರಯೋಜನ ಸಾಧಾರಣ ಮಟ್ಟದ್ದು. ಮರೆವಿಗೆ ವಾರದ ಡಬ್ಬಿ ಬೇಕು. ತಲೆಸುತ್ತಿಗೆ ವೈದ್ಯರೇ ಪ್ರಮಾಣ ಬದಲಿಸಬೇಕಾದೀತು. ತಾವಾಗಿ ಮಾತ್ರೆ ನಿಲ್ಲಿಸುವುದು ಅಪಾಯ.

ಹೊರನಾಡಿನಲ್ಲಿ ಎಷ್ಟೋ ಸಲ ವೈದ್ಯರಿಗೂ ಅಜ್ಜಿಗೂ ನಡುವೆ ದುಭಾಷಿ ನೀವೇ. ಅಜ್ಜಿ "ಒಂಥರಾ ಆಗ್ತದೆ" ಎಂದಾಗ "ಏನಿಲ್ಲ ಡಾಕ್ಟರ್" ಎಂದು ಹಾರಿಸಬೇಡಿ. ಅದೇನೆಂದು ಕನ್ನಡದಲ್ಲಿ ಕೇಳಿ ತಿಳಿದು, ಪೂರ್ತಿ ದಾಟಿಸಿ. ಆ ಕೋಣೆಯಲ್ಲಿ ಅದನ್ನು ಮಾಡಬಲ್ಲವರು ನೀವೊಬ್ಬರೇ ಇರಬಹುದು.