ಬ್ಲಾಸ್ಕೆಟ್ ದ್ವೀಪದ ಗ್ರಾಮ: ಭಾಷೆಯ ಕೀರ್ತಿ ಮತ್ತು ಊರಿನ ಕೊನೆ

ಐರ್ಲೆಂಡಿನ ನೈಋತ್ಯ ಭಾಗದ ಕೆರಿ ಜಿಲ್ಲೆಯಲ್ಲಿ ಡಿಂಗಲ್ ಎಂಬ ಪರ್ಯಾಯದ್ವೀಪವು ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿದೆ. ಅದರ ತುದಿಗೆ ಎದುರಾಗಿ, ದಡದಿಂದ ಸುಮಾರು ಎರಡು ಕಿಲೋಮೀಟರುಗಳಾಚೆ, ಗ್ರೇಟ್ ಬ್ಲಾಸ್ಕೆಟ್ ಎಂಬ ದ್ವೀಪವಿದೆ. ಸುಮಾರು ೧,೧೦೦ ಎಕರೆಗಳ ಈ ದ್ವೀಪದ ಬಹುಭಾಗ ಕಡಿದಾದ ಗುಡ್ಡ. ಉಳುಮೆಗೆ ಒದಗುವ ನೆಲ ಅತ್ಯಲ್ಪ. ಗುಡ್ಡದ ಮೂಡಲ ಇಳಿಜಾರಿನಲ್ಲಿ, ಎದುರು ದಡದ ಡಂಕ್ವಿನ್ ಊರಿನ ಕಡೆಗೆ ಮುಖ ಮಾಡಿ, ಒಂದೇ ಒಂದು ಗ್ರಾಮ ನೆಲೆಸಿತ್ತು. ಉಚ್ಛ್ರಾಯ ಕಾಲವೆನ್ನಬಹುದಾದ ೧೯೧೬ರಲ್ಲಿಯೂ ಅದರ ಜನಸಂಖ್ಯೆ ಸುಮಾರು ೧೭೬ ಮಾತ್ರ. ಇಷ್ಟು ಚಿಕ್ಕ ಊರು ಐರಿಷ್ ಭಾಷೆಯ ಆಧುನಿಕ ಗದ್ಯಕ್ಕೆ ಮೂರು ಪ್ರಸಿದ್ಧ ಆತ್ಮಕಥೆಗಳನ್ನು ಕೊಟ್ಟಿತು. ಕೊಟ್ಟ ಇಪ್ಪತ್ತೈದು ವರ್ಷಗಳೊಳಗೆ ತಾನೇ ಬರಿದಾಯಿತು. ಈ ಎರಡು ಸಂಗತಿಗಳನ್ನು ಜೊತೆಯಾಗಿಟ್ಟು ನೋಡಿದಲ್ಲದೆ ಈ ಗ್ರಾಮದ ಚರಿತ್ರೆ ಅರ್ಥವಾಗದು.

ಸಮುದ್ರದ ಕ್ರೌರ್ಯವೇ ಊರನ್ನು ಅಳಿಸಿತೆಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಆ ಕಡಲಗಂಡಿ ಅಪಾಯಕರವಾದುದೆಂಬುದರಲ್ಲಿ ಸಂದೇಹವಿಲ್ಲ. ೧೫೮೮ರಲ್ಲಿ ಸ್ಪೇನಿನ ನೌಕಾಪಡೆಗೆ ಸೇರಿದ 'ಸಾಂತಾ ಮರಿಯಾ ದೆ ಲಾ ರೋಸಾ' ಎಂಬ ಹಡಗು ಅಲ್ಲಿಯೇ ಮುಳುಗಿತು. ಆದರೆ ಅದೇ ಸಮುದ್ರದ ನಡುವೆ ಜನರು ತಲೆತಲಾಂತರಗಳಿಂದ ಬಾಳಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಸಮುದ್ರವೇನೂ ಹೊಸದಾಗಿ ಒರಟಾಗಲಿಲ್ಲ. ಬದಲಾದದ್ದು ಯಾವುದೆಂಬುದನ್ನು ತಿಳಿಯಬೇಕಾದರೆ ಆ ಊರಿನ ಜೀವನಕ್ರಮವನ್ನು ಮೊದಲು ಅರಿಯಬೇಕು.

ಮನೆಗಳು ಒರಟು ಕಲ್ಲಿನವು. ಗಾಳಿಯ ಹೊಡೆತದಿಂದ ತಪ್ಪಿಸಿಕೊಳ್ಳಲು ಇಳಿಜಾರಿನ ಮಣ್ಣಿಗೆ ಅರ್ಧ ಹುದುಗಿಸಿ ಕಟ್ಟಿದವು. ಆಲೂಗೆಡ್ಡೆ, ಮೀನು, ಹಾಲು ಇವೇ ಮುಖ್ಯ ಆಹಾರ; ಗುಡ್ಡದ ಮೊಲಗಳೂ ಕಡಲಹಕ್ಕಿಯ ಮೊಟ್ಟೆಗಳೂ ಅದಕ್ಕೆ ಪೂರಕ. ಸೌದೆಗೆ ಮರಗಳಿಲ್ಲ, ಗುಡ್ಡದ ಮೇಲಿನ ಜೌಗುನೆಲದಿಂದ ಕಡಿದು ಒಣಗಿಸಿದ ಹೆಂಟೆಗಳನ್ನು ಕತ್ತೆಗಳ ಮೇಲೆ ಹೇರಿ ತಂದು ಒಲೆ ಉರಿಸುತ್ತಿದ್ದರು. ಭೂಮಿಯನ್ನು ಎಕರೆ ಲೆಕ್ಕದಲ್ಲಲ್ಲದೆ, ಒಂದು ಹಸುವಿನ ಮೇವಿಗೆ ಸಾಲುವಷ್ಟು ಹುಲ್ಲು ಎಂಬ ಲೆಕ್ಕದಲ್ಲಿ ಅಳೆಯುವುದು ಆ ಸೀಮೆಯ ವಾಡಿಕೆ. ಸಾಗುವಳಿಯ ನೆಲವು ಸಣ್ಣಸಣ್ಣ ಪಟ್ಟಿಗಳಾಗಿ ಊರವರಲ್ಲಿ ಹಂಚಿಹೋಗಿತ್ತು; ಗುಡ್ಡದ ಹುಲ್ಲುಗಾವಲು ಎಲ್ಲರಿಗೂ ಸೇರಿದ್ದು.

ಊರಿನಲ್ಲಿ ಇಗರ್ಜಿಯಿರಲಿಲ್ಲ, ಪಾದ್ರಿಯಿರಲಿಲ್ಲ, ವೈದ್ಯನಿರಲಿಲ್ಲ, ಮದ್ಯದಂಗಡಿಯೂ ಇರಲಿಲ್ಲ. ಮದುವೆಗೆ ಗಂಡುಹೆಣ್ಣುಗಳು ಕಡಲು ದಾಟಬೇಕು. ಸತ್ತವನ ಶವಪೆಟ್ಟಿಗೆಯೂ ಕಡಲು ದಾಟಬೇಕು. ಇವೆಲ್ಲಕ್ಕೂ ಇದ್ದ ಸಾಧನ 'ನೇವೋಗ್' ಎಂಬ ದೋಣಿಯೊಂದೇ. ಮರದ ತೆಳು ಪಟ್ಟಿಗಳ ಚೌಕಟ್ಟಿಗೆ ಕ್ಯಾನ್ವಾಸು ಹೊದಿಸಿ ಡಾಂಬರು ಬಳಿದ ಈ ದೋಣಿ ಬಹು ಹಗುರ. ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ನೀರಿಗಿಳಿಸುವರು. ಆದರೆ ಅದನ್ನು ನಡೆಸಲು ಸಾಮಾನ್ಯವಾಗಿ ಮೂರು ನಾಲ್ಕು ಮಂದಿ ಗಟ್ಟಿಮುಟ್ಟಾದ ಗಂಡಸರು ಹುಟ್ಟು ಹಾಕಬೇಕು. ಮೀನುಗಾರಿಕೆ, ಅಂಚೆ, ವೈದ್ಯನನ್ನು ಕರೆತರುವುದು, ಎಲ್ಲವೂ ಈ ತೋಳುಗಳನ್ನೇ ಅವಲಂಬಿಸಿದ್ದವು.

ಊರಿಗೆ ಒಬ್ಬ 'ರಾಜ'ನಿದ್ದನು. ಅದು ಅಧಿಕಾರಸೂಚಕವಲ್ಲ, ಗೌರವಸೂಚಕವಾದ ಹೆಸರು. ಕೊನೆಯ ರಾಜನಾದ ಪಾಡ್ರಿಗ್ ಓಕೇನ್ ಎದುರು ದಡದಿಂದ ಅಂಚೆಯನ್ನೂ ಹೊರಗಿನ ವಾರ್ತೆಗಳನ್ನೂ ತರುತ್ತಿದ್ದನು; ಬಂದ ಅತಿಥಿಗಳಿಗೆ ಅವನ ಮನೆಯೇ ಬಿಡಾರ. ಅವನು ೧೯೨೯ರಲ್ಲಿ ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಮತ್ತಾರೂ ಬರಲಿಲ್ಲ. ಚಳಿಗಾಲದ ದೀರ್ಘ ಇರುಳುಗಳಲ್ಲಿ ಯಾವುದಾದರೊಂದು ಮನೆಯ ಒಲೆಯ ಸುತ್ತ ನೆರೆದು ಕಥೆ, ಹಾಡು, ಚರ್ಚೆಗಳಲ್ಲಿ ಹೊತ್ತು ಕಳೆಯುವುದು ಇಡೀ ಊರಿನ ಪದ್ಧತಿ. ಗಂಡಸರು ಸೇರಿ ಲೋಕವಾರ್ತೆಗಳನ್ನು ಚರ್ಚಿಸುತ್ತಿದ್ದ ಒಂದು ಮನೆಗೆ, ಐರ್ಲೆಂಡಿನ ಶಾಸನಸಭೆಯ ಹೆಸರನ್ನೇ ಪರಿಹಾಸ್ಯವಾಗಿ ಇಟ್ಟು 'ಡಾಯಿಲ್' ಎಂದು ಕರೆಯುತ್ತಿದ್ದರು.

ಹೊರಗಿನ ವಿದ್ವಾಂಸರನ್ನು ಆಕರ್ಷಿಸಿದ್ದು ಈ ಮಾತಿನ ಸಂಪತ್ತು. ಐರ್ಲೆಂಡಿನ ಬಹುಭಾಗದಲ್ಲಿ ಇಂಗ್ಲಿಷು ಐರಿಷ್ ಭಾಷೆಯನ್ನು ಸ್ಥಾನಭ್ರಷ್ಟಗೊಳಿಸಿದ್ದ ಕಾಲದಲ್ಲಿಯೂ ದ್ವೀಪದ ಮನೆಮಾತು ಐರಿಷೇ ಆಗಿತ್ತು. ನಾರ್ವೆಯ ಕಾರ್ಲ್ ಮಾರ್ಸ್ಟ್ರಾಂಡರ್ ೧೯೦೭ರಲ್ಲಿಯೂ, ಬ್ರಿಟಿಷ್ ಮ್ಯೂಸಿಯಮ್ಮಿನ ರಾಬಿನ್ ಫ್ಲವರ್ ೧೯೧೦ರಲ್ಲಿಯೂ, ಗ್ರೀಕ್ ವಿದ್ವಾಂಸ ಜಾರ್ಜ್ ಥಾಮ್ಸನ್ ೧೯೨೩ರಲ್ಲಿಯೂ ಅಲ್ಲಿಗೆ ಬಂದರು. ಅವರಿಗೆ ಗುರುವಾದವರು ಬೆಸ್ತರು, ರೈತರು, ಗೃಹಿಣಿಯರು.

ಅವರಲ್ಲಿ ಅಗ್ರಗಣ್ಯನು ಟೊಮಾಸ್ ಓಕ್ರೋಹನ್. ಬಾಲ್ಯದಲ್ಲಿ ಅವನು ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್ ಓದು; ತಾಯ್ನುಡಿಯನ್ನು ಓದಲು ಕಲಿತದ್ದು ನಡುವಯಸ್ಸಿನಲ್ಲಿ. ೧೯೧೭ರಲ್ಲಿ ದ್ವೀಪಕ್ಕೆ ಬಂದ ಬ್ರಯನ್ ಕೆಲ್ಲಿ ಎಂಬ ವಿದ್ಯಾವಂತನು ಗಾರ್ಕಿ ಮೊದಲಾದವರ ಕೃತಿಗಳನ್ನು ಅವನಿಗೆ ಓದಿ ತೋರಿಸಿ, ಸಾಮಾನ್ಯರ ಬದುಕೂ ಸಾಹಿತ್ಯಕ್ಕೆ ವಸ್ತುವಾಗಬಲ್ಲದೆಂದು ಮನಗಾಣಿಸಿದನು. ಅದರ ಫಲವೇ ೧೯೨೯ರಲ್ಲಿ ಪ್ರಕಟವಾದ 'ಅನ್ ಟಿಲಾನಾಹ್', ಎಂದರೆ 'ದ್ವೀಪವಾಸಿ'. ೧೯೩೩ರಲ್ಲಿ ಮಾರಿಸ್ ಓಸಲಿವನ್ ತನ್ನ ಬಾಲ್ಯ ಯೌವನಗಳ ಕಥೆಯನ್ನು ಹೊರತಂದನು. ಐರಿಷ್ ಬರೆಯಲು ಬಾರದ ಪೆಗ್ ಸೇಯರ್ಸ್ ಎಂಬಾಕೆ ತನ್ನ ಜೀವನವೃತ್ತಾಂತವನ್ನು ಮಗನಿಗೆ ಹೇಳಿ ಬರೆಸಿದಳು. ಅದು ೧೯೩೬ರಲ್ಲಿ ಅಚ್ಚಾಯಿತು. ಜಾನಪದ ಸಂಗ್ರಾಹಕರು ಆಕೆಯ ಬಾಯಿಂದ ನೂರಾರು ಕಥೆಗಳನ್ನು ಬರೆದುಕೊಂಡರು.

ಇತ್ತ ಊರಿನ ಆಯವ್ಯಯ ಬೇರೆಯೇ ದಾರಿ ಹಿಡಿದಿತ್ತು. ೧೮೪೧ರಲ್ಲಿ ೧೫೩ ಇದ್ದ ಜನಸಂಖ್ಯೆ, ಆಲೂಗೆಡ್ಡೆ ಬೆಳೆ ಕೊಳೆತು ತಲೆದೋರಿದ ಮಹಾಕ್ಷಾಮದಲ್ಲಿ ನೂರರ ಆಸುಪಾಸಿಗೆ ಇಳಿದು ಮತ್ತೆ ಚೇತರಿಸಿಕೊಂಡಿತು. ಗೇಣಿಯ ಕಾಟವೂ ೧೯೦೭ರಲ್ಲಿ ಕೊನೆಗಂಡಿತು. ಹಿಂದುಳಿದ ಪ್ರದೇಶಗಳ ಸುಧಾರಣೆಗಾಗಿ ಸರ್ಕಾರ ನೇಮಿಸಿದ್ದ ಮಂಡಲಿ ಜಮೀನ್ದಾರನಿಂದ ದ್ವೀಪವನ್ನು ಕೊಂಡು, ಚದರಿದ ಹಿಡುವಳಿಗಳನ್ನು ಒಟ್ಟುಗೂಡಿಸಿ, ಐದು ಹೊಸ ಮನೆಗಳನ್ನು ಕಟ್ಟಿಸಿತು. ಹೀಗೆ ಕ್ಷಾಮವನ್ನೂ ಜಮೀನ್ದಾರಿಯನ್ನೂ ದಾಟಿ ಉಳಿದ ಊರಿಗೆ ವಲಸೆಯನ್ನು ತಾಳಿಕೊಳ್ಳುವುದು ಸಾಧ್ಯವಾಗಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ದ್ವೀಪದವರ ಒಂದು ನೆಲೆಯೇ ಬೆಳೆಯಿತು. ಮೊದಲು ಹೋದ ಅಕ್ಕ ಹಡಗಿನ ಚೀಟಿಗೆ ಹಣ ಕಳುಹಿಸಿದರೆ ತಂಗಿ ಹೊರಡುವಳು. ತಂಗಿ ಕಳುಹಿಸಿದರೆ ತಮ್ಮ. ತಂದೆತಾಯಿಗಳ ಸಂಸಾರ ಸಾಗಿದ್ದೂ ಅದೇ ಹಣದಿಂದ. ಹೊರಡುವವರ ಹಿಂದಿನ ರಾತ್ರಿ ಊರೆಲ್ಲ ಸೇರಿ ಹಾಡಿ ಕುಣಿದು ಕೊನೆಗೆ ಅಳುವುದುಂಟು. ಸಾವಿನ ಮನೆಯ ಜಾಗರಣೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಹೀಗೆ ಊರನ್ನು ಸಾಕುತ್ತಿದ್ದ ಹಣವೇ ಊರನ್ನು ಖಾಲಿ ಮಾಡುವ ಹಣವೂ ಆಗಿತ್ತು.

ಯುವಕರು ಹೋದಂತೆ ಹುಟ್ಟು ಹಾಕುವ ಕೈಗಳು ಕಡಮೆಯಾದುವು. ಯುವತಿಯರು ಹೋದಂತೆ ಮದುವೆಗಳು ನಿಂತುವು. ಮಕ್ಕಳಿಲ್ಲದ ಕಾರಣ ೧೯೪೧ರಲ್ಲಿ ಶಾಲೆ ಮುಚ್ಚಿತು. ಪೆಗ್ ಸೇಯರ್ಸಳ ಪುಸ್ತಕವು ಐರ್ಲೆಂಡಿನ ಶಾಲೆಗಳಲ್ಲಿ ದಶಕಗಳ ಕಾಲ ಪಠ್ಯವಾಗಿ, ಲಕ್ಷಾಂತರ ಮಕ್ಕಳು ಆ ದ್ವೀಪದ ನುಡಿಯನ್ನು ಓದಿದರು. ಆದರೆ ದ್ವೀಪದಲ್ಲಿಯೇ ಓದುವ ಮಕ್ಕಳಿರಲಿಲ್ಲ. ಆಕೆಯೂ ೧೯೪೨ರಲ್ಲಿ ದ್ವೀಪ ಬಿಟ್ಟು ದಡದ ತನ್ನ ತವರು ಸೀಮೆಗೆ ಮರಳಿದಳು.

೧೯೪೬ರ ಡಿಸೆಂಬರಿನಲ್ಲಿ ತರುಣನೊಬ್ಬನು ಮೆದುಳುಪೊರೆಯ ಉರಿಯೂತದಿಂದ ಹಾಸಿಗೆ ಹಿಡಿದನು. ಬಿರುಗಾಳಿಯ ದೆಸೆಯಿಂದ ವೈದ್ಯನನ್ನು ಕರೆತರಲಾಗದೆ ಅವನು ತೀರಿಕೊಂಡನು. ಮರುವರ್ಷ, ಬಿರುಗಾಳಿಗೆ ಸಿಕ್ಕಿ ಆಹಾರ ತೀರಿದೆಯೆಂದು ದ್ವೀಪವಾಸಿಗಳು ಪ್ರಧಾನಿ ಡಿ ವೆಲೆರಾ ಅವರಿಗೆ ತಂತಿ ಕಳುಹಿಸಿದರು. ಅದೇ ಬೇಸಗೆಯಲ್ಲಿ ಅವರು ದ್ವೀಪಕ್ಕೆ ಬಂದು ಜನರ ಅಹವಾಲನ್ನು ಕೇಳಿದರು. ಐರಿಷ್ ಭಾಷೆಯ ಪುನರುಜ್ಜೀವನವೇ ರಾಷ್ಟ್ರದ ಧ್ಯೇಯವೆಂದು ಸಾರಿದ ನಾಯಕರು ಅವರು. ಅವರ ಮುಂದೆ ನಿಂತವರು ಆ ಭಾಷೆಯನ್ನು ಯಾವ ಪ್ರಯತ್ನವೂ ಇಲ್ಲದೆ ಆಡುತ್ತಿದ್ದವರು. ಅವರು ಬೇಡಿದ್ದು ಮಾತ್ರ ಊರು ಬಿಡುವ ಸೌಕರ್ಯವನ್ನು. ಇನ್ನೂ ಆರು ವರ್ಷಗಳು ಕಳೆದ ಮೇಲೆ, ೧೯೫೩ರ ನವೆಂಬರ್ ೧೭ರಂದು, ಉಳಿದಿದ್ದ ಇಪ್ಪತ್ತೆರಡು ಮಂದಿಯ ಸ್ಥಳಾಂತರ ಆರಂಭವಾಯಿತು. ಅಂದೂ ಕಡಲು ಪ್ರಕ್ಷುಬ್ಧವಾಗಿದ್ದುದರಿಂದ ಮನೆಯ ಸಾಮಾನುಗಳನ್ನೆಲ್ಲ ಸಾಗಿಸಲಾಗಲಿಲ್ಲ.

ಇಂದು ಡಂಕ್ವಿನ್ನಿನಲ್ಲಿ, ೧೯೯೩ರಲ್ಲಿ ತೆರೆದ ಬ್ಲಾಸ್ಕೆಟ್ ಕೇಂದ್ರವು ಆ ಊರಿನ ಜೀವನವನ್ನೂ ಸಾಹಿತ್ಯವನ್ನೂ ಪರಿಚಯಿಸುತ್ತಿದೆ. ಬೇಸಗೆಯಲ್ಲಿ ಪ್ರವಾಸಿಗಳು ದೋಣಿಗಳಲ್ಲಿ ಹೋಗಿ ಛಾವಣಿಯಿಲ್ಲದ ಗೋಡೆಗಳ ನಡುವೆ ಅಡ್ಡಾಡುತ್ತಾರೆ. ಓಕ್ರೋಹನ್ನನ ಮನೆಯನ್ನು ಜೀರ್ಣೋದ್ಧಾರ ಮಾಡಲಾಗಿದೆ. ಬ್ಲಾಸ್ಕೆಟ್ಟಿನ ಭಾಷೆಗೆ ವಿದ್ವಾಂಸರ ಆದರವೂ ಸರ್ಕಾರದ ಮನ್ನಣೆಯೂ ಮುದ್ರಣದ ಕೀರ್ತಿಯೂ ದೊರೆತವು. ದೊರೆಯದೆ ಹೋದದ್ದು ಭದ್ರವಾದ ಒಂದು ಬಂದರು, ಕರೆದರೆ ಬರುವ ವೈದ್ಯ, ಮತ್ತು ಮಕ್ಕಳು ಅಲ್ಲಿಯೇ ನಿಂತು ಗಳಿಸಬಹುದಾದ ಜೀವನೋಪಾಯ. ಪುಸ್ತಕಗಳು ಭಾಷೆಯನ್ನು ಕಾಪಿಟ್ಟವು. ಅದನ್ನು ಆಡುವವರಿಗೆ ಅನ್ನವನ್ನೂ ಆಸರೆಯನ್ನೂ ಒದಗಿಸುವುದು ಪುಸ್ತಕಗಳ ಕೈಯಲ್ಲಿರಲಿಲ್ಲ. ನುಡಿಯ ಅಭಿವೃದ್ಧಿಯನ್ನು ಕುರಿತು ಯೋಚಿಸುವವರು ಆ ಇನ್ನೊಂದು ಲೆಕ್ಕವನ್ನೂ ಇಡಬೇಕೆಂಬುದು ಈ ಗ್ರಾಮದ ಚರಿತ್ರೆಯಿಂದ ತಿಳಿದುಬರುತ್ತದೆ.